ವ್ಯಾನ್ ಗೋ ಮಾರಿದ್ದು ಒಂದೇ ಚಿತ್ರವೇ?

ಪ್ರಶ್ನೆ: ಹಾಲೆಂಡಿನ ಚಿತ್ರಕಾರ ವ್ಯಾನ್ ಗೋ ಬದುಕಿದ್ದಾಗ ಅವನ ಒಂದೇ ಒಂದು ಚಿತ್ರ ಮಾರಾಟವಾಗಿತ್ತಂತೆ, ನಿಜವೇ? ಹಾಗಿದ್ದರೆ ಸತ್ತ ಮೇಲೆ ಅಷ್ಟು ಹೆಸರು ಹೇಗೆ ಬಂತು? ನಮ್ಮ ತಂದೆ ಮಂಡಿಪೇಟೆಯ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದರು. ಬಿಡುವಾದಾಗ ಬರೆದ ಅವರ ಚಿತ್ರಗಳು ಈಗಲೂ ಅಟ್ಟದ ಮೇಲಿವೆ. ಅದಕ್ಕೇ ಕೇಳುತ್ತಿದ್ದೇನೆ.
ಓದುಗರೊಬ್ಬರು, ದಾವಣಗೆರೆ

ಉತ್ತರ: ಮಗ ಚಿತ್ರಕಲೆ ಓದುತ್ತೇನೆ ಎಂದಾಗ ಹೆದರಿದ ಅಪ್ಪ ಹೇಳುವುದೂ ಇದೇ ಕಥೆ, ಕೆಲಸ ಸಿಗದ ಕಲಾವಿದ ಸಮಾಧಾನ ಹೇಳಿಕೊಳ್ಳುವುದೂ ಇದೇ ಕಥೆಯಿಂದ. ಅದು ಪೂರ್ತಿ ನಿಜವಲ್ಲ.

ಜನ ಹೇಳುವ ಆ ಒಂದು ಚಿತ್ರ ‘ಕೆಂಪು ದ್ರಾಕ್ಷಿತೋಟ’. 1888ರಲ್ಲಿ ಫ್ರಾನ್ಸಿನ ಆರ್ಲ್‌ನಲ್ಲಿ ಬರೆದದ್ದು. 1890ರಲ್ಲಿ ಬ್ರಸೆಲ್ಸ್‌ನ ಪ್ರದರ್ಶನದಲ್ಲಿ ಆನಾ ಬಾಕ್ ಎಂಬಾಕೆ 400 ಫ್ರಾಂಕ್ ಕೊಟ್ಟು ಕೊಂಡಳು. ಆಕೆಯೂ ಚಿತ್ರಕಾರ್ತಿ, ಅವಳ ತಮ್ಮನೂ ವ್ಯಾನ್ ಗೋನೂ ಗೆಳೆಯರು. ಆದರೆ ಅದಕ್ಕೆ ಎಷ್ಟೋ ಮೊದಲು, 1882ರಲ್ಲೇ, ವ್ಯಾನ್ ಗೋನ ಚಿಕ್ಕಪ್ಪ ಹಾಲೆಂಡಿನ ಹೇಗ್ ನಗರದ 12 ರೇಖಾಚಿತ್ರಗಳನ್ನು ಹೇಳಿ ಬರೆಸಿ ಹಣ ಕೊಟ್ಟಿದ್ದ. ಪ್ಯಾರಿಸ್ಸಿನ ಬಣ್ಣದಂಗಡಿಯವನೊಬ್ಬ ಬಣ್ಣಕ್ಕೆ ಬದಲಾಗಿ ಚಿತ್ರ ಇಟ್ಟುಕೊಳ್ಳುತ್ತಿದ್ದ. ತಮ್ಮ ಥಿಯೋ ತಿಂಗಳು ತಿಂಗಳು ಹಣ ಕಳಿಸುತ್ತಿದ್ದ, ಅಣ್ಣ ಬರೆದದ್ದನ್ನು ಅವನಿಗೆ ಕಳಿಸುತ್ತಿದ್ದ. ವ್ಯಾನ್ ಗೋ ಅದನ್ನು ದಾನ ಎಂದುಕೊಳ್ಳಲಿಲ್ಲ, ದುಡಿಮೆಯ ಫಲ ಎಂದೇ ಎಣಿಸಿದ. ಕಷ್ಟವಂತೂ ಸುಳ್ಳಲ್ಲ: ಹತ್ತೇ ವರ್ಷದಲ್ಲಿ 800ಕ್ಕೂ ಹೆಚ್ಚು ತೈಲಚಿತ್ರ ಬರೆದ ಅವನು 37ನೇ ವಯಸ್ಸಿಗೆ, 1890ರ ಜುಲೈ 29ರಂದು ತೀರಿಕೊಂಡ.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಹೆಚ್ಚು ಮುಖ್ಯ. ಅಣ್ಣ ಹೋದ ಆರು ತಿಂಗಳಿಗೆ ಥಿಯೋ ಕೂಡ ಹೋದ. ಉಳಿದವಳು ಅವನ ಹೆಂಡತಿ ಯೋ. ವಯಸ್ಸು 28, ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ, ಕಂಕುಳಲ್ಲಿ ವರ್ಷ ತುಂಬದ ಮಗು, ಮನೆ ತುಂಬ ಯಾರಿಗೂ ಬೇಡದ ಚಿತ್ರಗಳು. ಹಾಲೆಂಡಿಗೆ ಮರಳಿ ಬಾಡಿಗೆಗೆ ಕೋಣೆ ಕೊಟ್ಟು, ಊಟ ಹಾಕಿ, ಅನುವಾದ ಮಾಡಿ ಬದುಕಿದಳು. ಚಿತ್ರಗಳನ್ನು ಪ್ರದರ್ಶನಗಳಿಗೆ ಕಳಿಸುತ್ತ, ಒಂದೊಂದಾಗಿ ಮಾರುತ್ತ, ಯಾರಿಗೆ ಎಷ್ಟಕ್ಕೆ ಹೋಯಿತೆಂದು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಳು. 1905ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ 470ಕ್ಕೂ ಹೆಚ್ಚು ಕೃತಿಗಳ ಪ್ರದರ್ಶನ ಏರ್ಪಡಿಸಿದಳು. ಅಣ್ಣ ತಮ್ಮನಿಗೆ ಬರೆದ ಕಾಗದಗಳನ್ನು ಜೋಡಿಸಿ 1914ರಲ್ಲಿ ಅಚ್ಚು ಹಾಕಿಸಿದಳು. ಸೂರ್ಯಕಾಂತಿಯ ಒಂದು ಚಿತ್ರವನ್ನು ಕೊಡಲು ಬಹಳ ದಿನ ಮನಸ್ಸಾಗಲಿಲ್ಲ, ಕೊನೆಗೆ 1924ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಬಿಟ್ಟುಕೊಟ್ಟಳು. ಮರುವರ್ಷ ಅವಳೂ ತೀರಿಹೋದಳು. ಅವಳ ಮಗ ಉಳಿಸಿಕೊಂಡ ಸಂಗ್ರಹದಿಂದಲೇ 1973ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ ತೆರೆಯಿತು. ಇವಳಿಲ್ಲದಿದ್ದರೆ ಆ ಚಿತ್ರಗಳು ಯಾವ ಗುಜರಿಗೆ ಸೇರುತ್ತಿದ್ದವೋ!

ಈಗ ನಿಮ್ಮ ತಂದೆಯ ಚಿತ್ರಗಳ ವಿಷಯ. ಫ್ಲೆಕ್ಸ್ ಬಂದ ಮೇಲೆ ಅವರು ಬರೆದ ಬೋರ್ಡುಗಳು ಬಹುಶಃ ಉಳಿದಿಲ್ಲ. ಉಳಿದಿರುವುದು ಆ ಅಟ್ಟದ ಮೇಲಿನವು ಮಾತ್ರ. ನಮ್ಮೂರಿನ ಬೇಸಿಗೆಯಲ್ಲಿ ಅಟ್ಟ ಒಲೆಯಂತೆ ಕಾಯುತ್ತದೆ, ಮೊದಲು ಕೆಳಗಿಳಿಸಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಒಳಗೆ ತೇವ ನಿಲ್ಲುತ್ತದೆ. ಒಗೆದ ಹಳೆಯ ಪಂಚೆ ಸಾಕು. ಒಂದೊಂದನ್ನೂ ಹಗಲ ಬೆಳಕಿನಲ್ಲಿ ಫೋಟೋ ತೆಗೆದು, ಯಾವ ವರ್ಷ, ಎಲ್ಲಿ ಕೂತು ಬರೆದದ್ದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ. ತಾಯಿ ಇದ್ದರೆ ಈ ವಾರವೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಚಿತ್ರದಲ್ಲಿರುವುದು ಯಾವ ಕೆರೆಯ ಏರಿ ಎಂದು ಹೇಳಬಲ್ಲವರು ಈಗ ಅವರೊಬ್ಬರೇ ಇರಬಹುದು.