ಕಾಪಿ ಕೈಗೆ ಬಂದ ದಿನವಲ್ಲ, ರೆಡಿಯಾದ ದಿನ

"ಇನ್ನೂ ಟೈಮ್ ಇದೆ ಅಲ್ವಾ ಸಾರ್? ಕಾಪಿ ಸಿಕ್ಕಿದ್ದು ಮೊನ್ನೆ ತಾನೇ."

ಅಪೀಲು ಹಾಕಬೇಕೆಂದು ಬರುವವರ ಮೊದಲ ಮಾತೇ ಇದು. ವಕೀಲನಾದ ನಾನು ಉತ್ತರ ಕೊಡುವ ಮೊದಲು ಆ ಕಾಪಿಯ, ಅಂದರೆ ತೀರ್ಪಿನ ದೃಢೀಕೃತ ನಕಲಿನ, ಕೊನೇ ಹಾಳೆ ತಿರುಗಿಸುತ್ತೇನೆ. ಅಲ್ಲಿ ಕೋರ್ಟಿನ ನಕಲು ಶಾಖೆಯ ಸೀಲು ಇರುತ್ತದೆ. ಅರ್ಜಿ ಹಾಕಿದ ದಿನ, ಶುಲ್ಕ ಕಟ್ಟಿದ ದಿನ, ನಕಲು ತಯಾರಾದ ದಿನ, ಕೊಟ್ಟ ದಿನ. ಕಕ್ಷಿದಾರರ ಕಣ್ಣು 'ಕೊಟ್ಟ ದಿನ'ದ ಮೇಲೆ. ಕೋರ್ಟಿನ ಕಣ್ಣು 'ತಯಾರಾದ ದಿನ'ದ ಮೇಲೆ.

ಸಿವಿಲ್ ದಾವೆಯ ಡಿಕ್ರಿಗೆ (ತೀರ್ಪಿನ ಮೇಲೆ ಹೊರಡುವ ಅಧಿಕೃತ ಆದೇಶಕ್ಕೆ) ಜಿಲ್ಲಾ ಮಟ್ಟದಲ್ಲಿ ಅಪೀಲಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ಗ್ರಾಹಕ ಆಯೋಗ, ಕಮರ್ಷಿಯಲ್ ಕೋರ್ಟುಗಳ ಲೆಕ್ಕ ಬೇರೆ. ಅದನ್ನು ನಿಮ್ಮ ವಕೀಲರ ಹತ್ತಿರವೇ ಕೇಳಿ. ದಿನ ಓಡಲು ಶುರುವಾಗುವುದು ತೀರ್ಪು ಹೇಳಿದ ಮಾರನೇ ದಿನದಿಂದ. ಕಾಪಿಗೆ ಕಾಯ್ದ ದಿನಗಳನ್ನು 1963ರ ಕಾಲಮಿತಿ ಕಾಯ್ದೆ ಬಿಟ್ಟುಕೊಡುತ್ತದೆ, ನಿಜ. ಆದರೆ ಅರ್ಜಿ ಹಾಕಿದ ದಿನದಿಂದ ಕಾಪಿ ರೆಡಿಯಾದ ದಿನದವರೆಗೆ ಮಾತ್ರ.

ಜೂನ್ 3ಕ್ಕೆ ತೀರ್ಪು ಬಂತು ಅಂದುಕೊಳ್ಳಿ. 5ಕ್ಕೆ ಅರ್ಜಿ ಹಾಕಿದಿರಿ, 20ಕ್ಕೆ ಕಾಪಿ ರೆಡಿ. 30 ದಿನ ಮುಗಿಯುವುದು ಜುಲೈ 3ಕ್ಕೆ. ಕಾಪಿಯ 16 ದಿನ ಸೇರಿಸಿದರೆ ಜುಲೈ 19. ಅವತ್ತು ಭಾನುವಾರ ಬಿದ್ದರೆ ಸೋಮವಾರ ಹಾಕಬಹುದು, ಅಷ್ಟೇ. ನೀವು ಜುಲೈ 25ಕ್ಕೆ ಹೋಗಿ ಕಾಪಿ ಈಸ್ಕೊಂಡರೆ, ಅದು ಕೈಗೆ ಬರುವ ಹೊತ್ತಿಗೇ ವಾಯಿದೆ ಮುಗಿದಿರುತ್ತದೆ. ಶುಲ್ಕ ಕಟ್ಟೋದಕ್ಕೆ ತಡ ಮಾಡಿದ ದಿನಗಳೂ ನಿಮ್ಮ ತಲೆ ಮೇಲೇ ಬರಬಹುದು. 30 ದಿನ ಕಳೆದ ಮೇಲೆ ಕಾಪಿಗೆ ಅರ್ಜಿ ಹಾಕಿದರಂತೂ ಒಂದು ದಿನವೂ ಸಿಗುವುದಿಲ್ಲ.

ಒಬ್ಬ ಹಿರಿಯರು ಪಾಲು ದಾವೆಯ ಕಾಪಿಯನ್ನು ದೇವರ ಫೋಟೋ ಹಿಂದೆ ಜೋಪಾನವಾಗಿ ಇಟ್ಟಿದ್ದರು. ತಂದಾಗ ಮೂಲೆಯಲ್ಲಿ ಕುಂಕುಮ ಹತ್ತಿತ್ತು. "ಆಷಾಢ ಕಳೀಲಿ ಅಂತ ಕಾದೆ ಸ್ವಾಮಿ" ಎಂದರು. ಬೈಯಬೇಕು ಅನ್ನಿಸಿತು. ಆಗಲಿಲ್ಲ, ಕಾಫಿ ತರಿಸಿದೆ. ಆದರೆ ತಡಕ್ಕೆ ಕಾರಣ ಹೇಳುವ ಅಫಿಡವಿಟ್ಟಿನಲ್ಲಿ ಆಷಾಢ ಅಂತ ಬರೆಯೋಕಾಗುತ್ತಾ?

ಅದೇ ಕಾಲಮಿತಿ ಕಾಯ್ದೆಯ ಸೆಕ್ಷನ್ 5ರ ಅರ್ಜಿ ಹಾಕಿ ತಡ ಮನ್ನಿಸಿ ಎಂದು ಕೇಳಬಹುದು. ತೀರಾ ಬಿಗಿಯಾಗಿ ನೋಡಬಾರದು ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಮೊಬೈಲಿನಲ್ಲಿ ಇದನ್ನು ಓದಿಕೊಂಡು ಬರುವ ಅಳಿಯಂದಿರು ಜಾಸ್ತಿ. ಆದರೂ ಒಪ್ಪುವಂಥ ಕಾರಣ ಬೇಕೇ ಬೇಕು. ಆಸ್ಪತ್ರೆಯ ಕಾಗದವಿದ್ದರೆ ಒಂದು ಮಾತು. ಸುಮ್ನೆ ಕೂತಿದ್ದೆ ಅಂದರೆ ಯಾವ ಜಡ್ಜ್ ಏನು ಮಾಡುತ್ತಾರೋ ನಾನು ಹೇಳಲಾರೆ. ಇನ್ನೊಂದು ಪೆಟ್ಟು ಯಾರಿಗೂ ಗೊತ್ತಿರುವುದಿಲ್ಲ. ತಡವಾದ ಅಪೀಲನ್ನು ಕೇಳುತ್ತೇವೆ ಎಂದು ಕೋರ್ಟು ತೀರ್ಮಾನಿಸುವ ತನಕ ಡಿಕ್ರಿ ಜಾರಿಗೆ ಆ ಅಪೀಲಿನಲ್ಲಿ ತಡೆಯಾಜ್ಞೆ ಕೊಡುವಂತಿಲ್ಲ. ಅಷ್ಟರಲ್ಲಿ ಎದುರು ಪಾರ್ಟಿ ಡಿಕ್ರಿ ಜಾರಿ ಮಾಡುವ ಕೋರ್ಟ್ ಅಮೀನರನ್ನು ಕರ್ಕೊಂಡು ಹೊಲಕ್ಕೇ ಬಂದರೂ ಬಂದರು.

ಹಳೇ ವಕೀಲರ ಮೇಲೆ ಸಿಟ್ಟಿದ್ದರೆ ಇರಲಿ. ಅವರ ಎನ್‌ಒಸಿ (ಬೇರೆ ವಕೀಲರನ್ನು ಇಡಲು ಆಕ್ಷೇಪಣೆ ಇಲ್ಲ ಎಂಬ ಪತ್ರ) ಬರಲಿ ಎಂದು ಕಾಯಬೇಡಿ. ಕಾಪಿಗೆ ಅರ್ಜಿಯನ್ನು ಕಕ್ಷಿದಾರರೇ ಹಾಕಬಹುದು. ತೀರ್ಪಾದ ದಿನವೇ ನಕಲು ಶಾಖೆಗೆ ಹೋಗಿ. ಅರ್ಜಿ ಕೊಟ್ಟ ಮೇಲೂ ಎರಡು ಮೂರು ದಿನಕ್ಕೊಮ್ಮೆ ಹೋಗಿ ರೆಡಿಯಾಯಿತಾ ಎಂದು ವಿಚಾರಿಸಿ.