ರಸ್ತೆ ಮಾಡೋ ಇಂಜಿನಿಯರ್‌ಗೆ ಸರ್ವೆ ಲೈಸೆನ್ಸ್ ಯಾಕೆ? ಓಹಾಯೊ ಕೌಂಟಿಗಳ ಹಿನ್ನೆಲೆ

ಅಮೆರಿಕದ ಓಹಾಯೊ ರಾಜ್ಯದಲ್ಲಿ 88 ಕೌಂಟಿ ಇವೆ, ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ಜಿಲ್ಲೆ ಅಂದ್ಕೊಳ್ಳಿ. ಹೆಚ್ಚುಕಮ್ಮಿ ಎಲ್ಲಾ ಕೌಂಟಿಗೂ ಒಬ್ಬರು ಕೌಂಟಿ ಇಂಜಿನಿಯರ್ ಇರ್ತಾರೆ, ಅವರನ್ನ ಸರ್ಕಾರ ನೇಮಕ ಮಾಡಲ್ಲ, ನಾಲ್ಕು ವರ್ಷಕ್ಕೊಂದ್ಸಲ ಜನ ವೋಟ್ ಹಾಕಿ ಆರಿಸ್ತಾರೆ. ರಾಜ್ಯದ ಸುಮಾರು 29,000 ಮೈಲಿ ಕೌಂಟಿ ರಸ್ತೆ, ಸುಮಾರು 26,000 ಸೇತುವೆ ಇವರ ಜವಾಬ್ದಾರಿ. ಆದ್ರೆ ಆ ಎಲೆಕ್ಷನ್‌ಗೆ ನಿಲ್ಲಬೇಕಂದ್ರೆ ಇಂಜಿನಿಯರ್ ಲೈಸೆನ್ಸ್ ಒಂದೇ ಸಾಲದು, ಲ್ಯಾಂಡ್ ಸರ್ವೇಯರ್ ಲೈಸೆನ್ಸೂ ಇರಲೇಬೇಕು ಅಂತ ಕಾನೂನು. ಎರಡೂ ಪರೀಕ್ಷೆ ಪಾಸ್ ಮಾಡಿರೋರು ಸಿಗೋದೇ ಕಷ್ಟ, ಹಂಗಾಗಿ ಈ ಷರತ್ತು ಯಾಕೆ ಬೇಕು ಅನ್ನೋ ಪ್ರಶ್ನೆ ಬರೋದು ಸಹಜ. ನನ್ನ ಪ್ರಕಾರ ಬೇಕೇ ಬೇಕು, ಯಾಕೆ ಅಂತ ಗೊತ್ತಾಗೋಕೆ ಸುಮಾರು 240 ವರ್ಷ ಹಿಂದಕ್ಕೆ ಹೋಗ್ಬೇಕು.

ಈಗಿನ ಕೌಂಟಿ ಇಂಜಿನಿಯರ್‌ಗೆ ಮೊದಲಿದ್ದ ಹೆಸರು ಕೌಂಟಿ ಸರ್ವೇಯರ್, ಅಮೆರಿಕದಲ್ಲಿ ಆ ಹುದ್ದೆ ಓಹಾಯೊ ರಾಜ್ಯಕ್ಕಿಂತ ಹಳೇದು. ಜಾರ್ಜ್ ವಾಷಿಂಗ್ಟನ್ 1749ರಲ್ಲಿ, ಬರೀ 17ನೇ ವಯಸ್ಸಿಗೆ, ವರ್ಜೀನಿಯಾದ ಕಲ್ಪೆಪರ್ ಕೌಂಟಿಗೆ ಸರ್ವೇಯರ್ ಆಗಿದ್ರು. ಆ ಕಾಲದ ಅಳತೆ ಹೆಂಗಿತ್ತು ಅಂದ್ರೆ, ಹಳ್ಳದ ತಿರುವಿಂದ ಆ ಓಕ್ ಮರದ ತನಕ, ಮರದಿಂದ ಈ ಬಂಡೆ ತನಕ ಇಷ್ಟಿಷ್ಟು ದೂರ ಅಂತ ಬರ್ಕೊಳ್ಳೋದು. ಮರ ಬಿದ್ದೋಯ್ತು, ಹಳ್ಳ ದಾರಿ ಬದಲಾಯಿಸ್ತು ಅಂದ್ರೆ ಗಡಿನೂ ಹೋಯ್ತು. ಕೆಂಟಕಿಯಲ್ಲಿ ಈ ಪದ್ಧತಿಯಿಂದ ಒಂದೇ ಜಮೀನಿಗೆ ಮೂರ್ನಾಲ್ಕು ಜನ ಹಕ್ಕು ಹೇಳ್ಕೊಂಡು ಕೋರ್ಟಿಗೆ ಅಲೆದ್ರು. ಅಬ್ರಹಾಂ ಲಿಂಕನ್ ಅವರ ಅಪ್ಪ ಥಾಮಸ್ ಲಿಂಕನ್ 1816ರಲ್ಲಿ ಕೆಂಟಕಿ ಬಿಟ್ಟು ಇಂಡಿಯಾನಾಗೆ ಹೋಗಿದ್ದಕ್ಕೆ ದೊಡ್ಡ ಕಾರಣನೇ ಈ ಜಮೀನು ತಕರಾರು. ಮುಂದೆ ಮಗ 1833ರ ಹೊತ್ತಿಗೆ ಇಲಿನಾಯ್‌ನ ಸ್ಯಾಂಗಮನ್ ಕೌಂಟಿಯಲ್ಲಿ ಡೆಪ್ಯುಟಿ ಸರ್ವೇಯರ್ ಆದ.

ಇನ್ನು ಓಹಾಯೊ ವಿಷಯ. ಸ್ವಾತಂತ್ರ್ಯ ಯುದ್ಧ ಮುಗಿದಾಗ ಅಮೆರಿಕದ ಕಾಂಗ್ರೆಸ್ ಮೈತುಂಬಾ ಸಾಲ ಮಾಡ್ಕೊಂಡಿತ್ತು, ಕೈಯಲ್ಲಿದ್ದಿದ್ದು ಪಶ್ಚಿಮದ ಜಮೀನು ಒಂದೇ, ಅದನ್ನ ಮಾರಬೇಕು, ಮಾರೋಕ್ ಮುಂಚೆ ಅಳೀಬೇಕು. 1785ರ ಮೇ 20ಕ್ಕೆ ಕಾನೂನು ಆಯ್ತು: ಆರು ಮೈಲಿ ಚೌಕದ ಟೌನ್‌ಶಿಪ್, ಅದರೊಳಗೆ 36 ಚೌಕ, ಒಂದೊಂದು ಚೌಕ 640 ಎಕರೆ, ಎಕರೆಗೆ ಕನಿಷ್ಠ ಒಂದು ಡಾಲರ್, 16ನೇ ಚೌಕ ಸ್ಕೂಲಿಗೆ ಮೀಸಲು. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಥಾಮಸ್ ಹಚಿನ್ಸ್ ಅನ್ನೋ ಅಧಿಕಾರಿ, ಪೆನ್ಸಿಲ್ವೇನಿಯಾ ಗಡಿ ಓಹಾಯೊ ನದಿಗೆ ಸೇರೋ ಕಡೆಯಿಂದ ಪಶ್ಚಿಮಕ್ಕೆ ಗೆರೆ ಎಳೆಯೋಕೆ ಶುರು ಮಾಡಿದ್ರು. ಅಲ್ಲಿಂದ ಮುಂದೆ ದೇಶದ ಬಹುಪಾಲು ಇದೇ ಚೌಕದ ಪದ್ಧತಿಯಲ್ಲೇ ಅಳೆಸಿಕೊಳ್ತು. ಆ ಮೊದಲ ಜಾಗ ಈಗ ನದಿ ನೀರಿನಡಿ ಇದೆ, ಸ್ಮಾರಕ ಇರೋದು ಈಸ್ಟ್ ಲಿವರ್‌ಪೂಲ್ ಹತ್ರ ರಸ್ತೆ ಪಕ್ಕ.

ಮೊದಲ ವರ್ಷ ಕೆಲಸ ನಾಲ್ಕು ಮೈಲಿ ದಾಟಲಿಲ್ಲ, ಯಾಕಂದ್ರೆ ಆ ನೆಲದಲ್ಲಿ ಜನ ಇದ್ರು. ಶಾನೀ, ಡೆಲವೇರ್ ಮೊದಲಾದ ಮೂಲನಿವಾಸಿಗಳ ನೆಲ ಅದು, ತಮ್ಮ ನೆಲದ ಮೇಲೆ ಅಳತೆ ಚೈನು ಹಿಡ್ಕೊಂಡು ಓಡಾಡೋರನ್ನ ಅವರು ಸುಮ್ನೆ ಬಿಡೋಕೆ ಸಾಧ್ಯನೇ ಇರಲಿಲ್ಲ. ದಾಳಿ ಆಯ್ತು ಅಂತ ಸುದ್ದಿ ಬಂದ ತಕ್ಷಣ ಹಚಿನ್ಸ್ ತಂಡ ವಾಪಸ್. ಅಮೆರಿಕದ ಸೇನೆ ಅವರನ್ನ ಸೋಲಿಸಿದ 1794ರ ಫಾಲನ್ ಟಿಂಬರ್ಸ್ ಯುದ್ಧ, ಅವರ ಜೊತೆ 1795ರ ಗ್ರೀನ್‌ವಿಲ್ ಒಪ್ಪಂದ ಆದ್ಮೇಲೆ ಓಹಾಯೊದ ಹೆಚ್ಚಿನ ಭಾಗ ಅವರ ಕೈಬಿಟ್ಟು ಹೋಯ್ತು. ಈ ಭಾಗ ಬಿಟ್ಟು ಅಲ್ಲಿನ ಸರ್ವೆ ಚರಿತ್ರೆ ಹೇಳಿದ್ರೆ ಅದು ಅರ್ಧ ಸತ್ಯ.

ಅಳತೆಗೆ ಬಳಸಿದ್ದು ಗಂಟರ್ ಚೈನ್, 66 ಅಡಿ ಉದ್ದ, 100 ಕೊಂಡಿ. 80 ಚೈನ್ ಅಂದ್ರೆ ಒಂದು ಮೈಲಿ, 10 ಚದರ ಚೈನ್ ಅಂದ್ರೆ ಒಂದು ಎಕರೆ. ನಮ್ಮೂರ ಕಡೆ ಸರ್ವೆಗೆ ಬಳಸ್ತಿದ್ದ 16 ಆಣೆ ಚೈನು 33 ಅಡಿ, ಅಂದ್ರೆ ಸರಿಯಾಗಿ ಇದರ ಅರ್ಧ. 33 ಅಡಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ನಮ್ಮ ಪಹಣಿಲಿರೋ ಗುಂಟೆಗೂ ಓಹಾಯೊದ 640 ಎಕರೆ ಚೌಕಕ್ಕೂ ಅಳತೆಯಲ್ಲಿ ಸಂಬಂಧ ಇದೆ ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ.

ಆದ್ರೆ ಚೈನು ನಂಬೋಕಾಗಲ್ಲ. ಕೊಂಡಿ ಸವೀತಾ ಸವೀತಾ ಚೈನು ಉದ್ದ ಆಗುತ್ತೆ, ದಿಕ್ಸೂಚಿ ತೋರಿಸೋ ಉತ್ತರ ವರ್ಷದಿಂದ ವರ್ಷಕ್ಕೆ ಸರಿಯುತ್ತೆ, ಕಾಡು, ಗುಡ್ಡ, ಜೌಗು ಬೇರೆ. ಚೌಕ ಅಂತ ಕಾಗದದಲ್ಲಿದ್ದಿದ್ದು ನೆಲದಲ್ಲಿ ಸೊಟ್ಟ. ಜೊತೆಗೆ ಓಹಾಯೊದಲ್ಲಿ ಪದ್ಧತಿನೂ ಒಂದೇ ಅಲ್ಲ: ಕ್ಲೀವ್‌ಲ್ಯಾಂಡ್ ಕಡೆ ಕನೆಕ್ಟಿಕಟ್ ಕಂಪನಿ ಅಳೆಸಿದ್ದು ಐದು ಮೈಲಿ ಚೌಕ, ಸೈಯೋಟೊ ಮತ್ತು ಲಿಟಲ್ ಮಯಾಮಿ ನದಿಗಳ ಮಧ್ಯೆ ವರ್ಜೀನಿಯಾ ತನ್ನ ಸೈನಿಕರಿಗೆ ಕೊಡೋಕೆ ಇಟ್ಕೊಂಡ ಜಮೀನಲ್ಲಿ ಅದೇ ಹಳೇ ಮರ-ಬಂಡೆ ಲೆಕ್ಕ. ಅಲ್ಲಿ ಸರ್ವೇಯರ್‌ಗಳು ಕೂಲಿ ಬದಲು ಜಮೀನಲ್ಲೇ ಪಾಲು ತಗೊಂಡು ದೊಡ್ಡ ಜಮೀನ್ದಾರರಾದ್ರು, ಅವರಲ್ಲಿ ಒಬ್ಬ, ಡಂಕನ್ ಮ್ಯಾಕಾರ್ಥರ್, 1830ರಲ್ಲಿ ರಾಜ್ಯದ ಗವರ್ನರ್ರೇ ಆದ.

ಸರಿ, ಇಷ್ಟೆಲ್ಲಾ ತಪ್ಪಿರೋ ಅಳತೆನ ಏನು ಮಾಡೋದು? 1805ರಲ್ಲಿ ಕಾಂಗ್ರೆಸ್ ಒಂದು ಕಾನೂನು ಮಾಡ್ತು, ಇಡೀ ಲೇಖನದ ಜೀವ ಇದೇ ಅಂತ ನನ್ನ ಭಾವನೆ. ಸರ್ಕಾರಿ ಸರ್ವೇಯರ್ ಮೂಲದಲ್ಲಿ ಎಲ್ಲಿ ಗುರುತು ನೆಟ್ಟಿದ್ನೋ ಅದೇ ಮೂಲೆ, ಅಳತೆ ತಪ್ಪಾಗಿದ್ರೂ ಅದೇ ಸರಿ. ಅಂದ್ರೆ ಪುಸ್ತಕದಲ್ಲಿ 80 ಚೈನ್ ಅಂತ ಬರೆದಿದ್ದು ನೆಲದಲ್ಲಿ 81 ಚೈನ್ ಬಂದ್ರೂ ಗೆಲ್ಲೋದು ಕಲ್ಲು. ಯೋಚನೆ ಮಾಡಿದ್ರೆ ನ್ಯಾಯವಾದ ಮಾತು, ಜನ ಆ ಕಲ್ಲು ನಂಬ್ಕೊಂಡೇ ತಾನೆ ಬೇಲಿ ಹಾಕಿದ್ದು, ಮನೆ ಕಟ್ಟಿದ್ದು, ಮಕ್ಕಳಿಗೆ ಪಾಲು ಮಾಡಿದ್ದು. ಆದ್ರೆ ಇದರಿಂದ ಇನ್ನೊಂದು ಆಯ್ತು, ಕಲ್ಲು ಕಳೆದ್ರೆ ಎಷ್ಟು ಒಳ್ಳೇ ಮಿಷನ್ ತಂದು ಅಳೆದ್ರೂ ಅದರ ಜಾಗ ಬರೀ ಲೆಕ್ಕದಿಂದ ಸಿಗಲ್ಲ.

1803ರಲ್ಲಿ ಓಹಾಯೊ ರಾಜ್ಯ ಆದಾಗಲೇ ಅಲ್ಲೂ ಕೌಂಟಿ ಸರ್ವೇಯರ್ ಹುದ್ದೆ ಬಂತು, 1831ರಿಂದ ಚುನಾವಣೆ. ಮೊದಮೊದಲು ಕೆಲಸ ಗಡಿ ಅಳೆಯೋದು, ಹೊಸ ರಸ್ತೆಗೆ ಗೆರೆ ಹಾಕೋದು. ಆಮೇಲೆ ಒಂದೊಂದೇ ಸೇರ್ಕೊಳ್ತು. ವಾಯವ್ಯದಲ್ಲಿ ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಅನ್ನೋ ದೊಡ್ಡ ಜೌಗು ಪ್ರದೇಶ ಇತ್ತು, ಅಲ್ಲಿ ನೀರು ಬಸಿಯೋಕೆ ಕಾಲುವೆ ತೋಡಿದ್ಮೇಲೇ ಬೇಸಾಯ ಸಾಧ್ಯ ಆಗಿದ್ದು, ಈಗಲೂ ಕಾಲುವೆ ಕೆಲಸ ಕೌಂಟಿ ಇಂಜಿನಿಯರ್ ಪಾಲಿಗೆ ದೊಡ್ಡದು. 1891ರಲ್ಲಿ ಬೆಲ್‌ಫೌಂಟನ್ ಊರಲ್ಲಿ ಅಮೆರಿಕದ ಮೊದಲ ಕಾಂಕ್ರೀಟ್ ರಸ್ತೆ ಹಾಕಿದ್ರು, ಆಮೇಲೆ ಕಾರು ಬಂದ್ವು, ಸೇತುವೆ ಡಿಸೈನ್ ಬಂತು, 1935ರಲ್ಲಿ ಹುದ್ದೆ ಹೆಸರೇ ಕೌಂಟಿ ಇಂಜಿನಿಯರ್ ಅಂತಾಯ್ತು.

ಹೆಸರು ಬದಲಾದ್ಮೇಲೆ ಜನರ ಕಣ್ಣಿಗೆ ಬೀಳೋದು ಸೇತುವೆ, ಡಾಂಬರು, ಚಳಿಗಾಲದಲ್ಲಿ ಹಿಮ ತೆಗೆಯೋದು, ಇಷ್ಟೇ. ಅದೇನೂ ಸಣ್ಣ ಕೆಲಸ ಅಲ್ಲ. 1967ರ ಡಿಸೆಂಬರ್ 15ಕ್ಕೆ ಓಹಾಯೊ ನದಿ ಮೇಲಿನ ಸಿಲ್ವರ್ ಬ್ರಿಡ್ಜ್ ಕುಸಿದು 46 ಜನ ಸತ್ರು, ಅದು ಕೌಂಟಿ ಸೇತುವೆ ಅಲ್ಲ, ಆದ್ರೂ ಅದಾದ್ಮೇಲೆ ಬಂದ ತಪಾಸಣೆ ನಿಯಮ ಹಳ್ಳಿ ರಸ್ತೆ ಸೇತುವೆಗೂ ಬಂತು. ಅಷ್ಟಬ್ಯುಲಾ ಕೌಂಟಿಯಲ್ಲಂತೂ ಅಲ್ಲಿನ ಮಾಜಿ ಕೌಂಟಿ ಇಂಜಿನಿಯರ್ ಜಾನ್ ಸ್ಮೋಲೆನ್ ಡಿಸೈನ್ ಮಾಡಿದ 613 ಅಡಿ ಉದ್ದದ, ಛಾವಣಿ ಇರೋ ಮರದ ಸೇತುವೆ 2008ರಲ್ಲಿ ಓಡಾಟಕ್ಕೆ ಶುರುವಾಯ್ತು.

ಆದ್ರೆ ಎರಡು ಲೈಸೆನ್ಸ್ ಯಾಕೆ ಅನ್ನೋದಕ್ಕೆ ಉತ್ತರ ಡಾಂಬರಿನ ಕೆಳಗಿದೆ. ಚೌಕದ ಗೆರೆ ಮೇಲೇ ಜಮೀನು ಭಾಗ ಆಗಿದ್ರಿಂದ ಬಹಳ ಕಡೆ ರಸ್ತೆನೂ ಅದೇ ಗೆರೆ ಮೇಲೆ ಹೋಯ್ತು, ಇಬ್ಬರಿಂದಲೂ ಅರ್ಧರ್ಧ ಜಾಗ ತಗೊಂಡ್ರೆ ಜಗಳ ಇಲ್ಲ ಅಂತ. ಹಂಗಾಗಿ ಮೂಲೆ ಕಲ್ಲು ಎಷ್ಟೋ ಕಡೆ ಎರಡು ರಸ್ತೆ ಕೂಡೋ ಜಾಗದಲ್ಲಿ, ಸರಿಯಾಗಿ ಮಧ್ಯದಲ್ಲೇ ಹೂತಿದೆ. ರಸ್ತೆ ಕೆತ್ತೋ ಮಿಷನ್ ಒಂದ್ಸಲ ಓಡಿದ್ರೆ ಸಾಕು, ಸುತ್ತಲಿನ ನಾಲ್ಕು ಚೌಕದ ಬಾಂದು ಕಲ್ಲು ಪುಡಿ. ಬರೀ ರಸ್ತೆ ಗೊತ್ತಿರೋರಿಗೆ ಅದು ಅಡ್ಡ ಬಂದ ಕಲ್ಲು, ಸರ್ವೆ ಗೊತ್ತಿರೋರಿಗೆ ಅದು ನೂರಾರು ಮನೆಯ ಹದ್ದುಬಸ್ತು. ಜವಾಬ್ದಾರಿ ಇರೋ ಆಫೀಸ್‌ನವರು ಕೆಲಸ ಶುರು ಮಾಡೋಕ್ ಮುಂಚೆ ಕಲ್ಲು ಹುಡುಕಿ, ಸುತ್ತ ಮೂರ್ನಾಲ್ಕು ಗುರುತು ನೆಟ್ಟು ದೂರ ಬರ್ಕೊಂಡು, ಡಾಂಬರು ಮುಗಿದ್ಮೇಲೆ ಅದೇ ಜಾಗಕ್ಕೆ ಕಬ್ಬಿಣದ ಮುಚ್ಚಳದ ಡಬ್ಬಿ ಕೂರಿಸ್ತಾರೆ. ಈಗ ಜಿಪಿಎಸ್‌ನಲ್ಲಿ ಅದರ ಸ್ಥಾನ ಸೆಂಟಿಮೀಟರ್ ಮಟ್ಟಕ್ಕೆ ಹಿಡಿದಿಡಬಹುದು, ಆದ್ರೆ ಕಲ್ಲು ಹಾಳಾಗೋಕ್ ಮುಂಚೆ ಯಾರಾದ್ರೂ ಹೋಗಿ ಹಿಡಿದಿದ್ರೆ ಮಾತ್ರ. ಇದಕ್ಕೆ ದುಡ್ಡು, ಟೈಮ್ ಕೊಡೋಕೆ ಯಾವ ಮತದಾರನೂ ಒತ್ತಾಯ ಮಾಡಲ್ಲ, ಅದಕ್ಕೇ ಕಾನೂನಿನಲ್ಲೇ ಆ ಷರತ್ತು ಇರಬೇಕು ಅನ್ನೋದು.

ಕೊಲಂಬಸ್, ಸಿನ್ಸಿನಾಟಿ ಕಡೆ ಮನೆ ತಗೊಂಡಿರೋ ಕನ್ನಡದೋರು ಇದ್ದೀರಲ್ಲ, ಬೇಲಿ ಹಾಕೋಕ್ ಮುಂಚೆ ಕೌಂಟಿ ವೆಬ್‌ಸೈಟ್‌ನ ಮ್ಯಾಪಲ್ಲಿರೋ ಗೆರೆ ನೋಡಿ ಗುಂಡಿ ತೋಡ್ಬೇಡಿ, ಅದು ತೆರಿಗೆ ಲೆಕ್ಕಕ್ಕೆ ಹಾಕಿರೋ ಗೆರೆ, ಕಾನೂನಿನ ಗಡಿ ಅಲ್ಲ. ಲೈಸೆನ್ಸ್ ಇರೋ ಸರ್ವೇಯರ್ ಕರೆಸಿ ಅಳೆಸಿ, ನಿಮ್ಮ ಸೈಟಿನ ಹಳೇ ಸರ್ವೆ ರೆಕಾರ್ಡ್ ಬೇಕಂದ್ರೆ ಕೌಂಟಿ ಇಂಜಿನಿಯರ್ ಆಫೀಸಲ್ಲೇ ಮೊದಲು ಕೇಳಿ ನೋಡಿ.