ನಸುಗುನ್ನಿ

ಮೊದಲ ಮಳೆಗೆ ಮೊಳೆತು, ಬೇಲಿಯನ್ನೋ ಕುರುಚಲು ಗಿಡವನ್ನೋ ಹಿಡಿದು ಹಬ್ಬಿ, ಬೇಸಿಗೆಯ ಹೊತ್ತಿಗೆ ಒಣಗಿಹೋಗುವ, ಅವರೆಯ ಬಳಗದ ಕಾಡುಬಳ್ಳಿಯೇ ನಸುಗುನ್ನಿ. ಸಸ್ಯಶಾಸ್ತ್ರದಲ್ಲಿ ಇದು ಮ್ಯುಕುನಾ ಪ್ರುರಿಯೆನ್ಸ್. ಆಯುರ್ವೇದದಲ್ಲಿ ಆತ್ಮಗುಪ್ತಾ, ಕಪಿಕಚ್ಛು. ಶಿರಸಿ, ಯಲ್ಲಾಪುರದ ಕಡೆ ದಟ್ಟ ಕಾಡಿನ ನೆರಳಿಗಿಂತ ಬಿಸಿಲು ಬೀಳುವ ಕಾಡಂಚು, ಹುಲ್ಲು ಬೆಳೆಯುವ ಬೇಣ, ರಸ್ತೆಬದಿಗಳೇ ಇದಕ್ಕೆ ಹೆಚ್ಚು ಒಗ್ಗುತ್ತವೆ.

ಮಳೆಗಾಲ ಹಿಂದೆ ಸರಿದ ಮೇಲೆ ಎಲೆಯ ಬುಡದಿಂದ ಇಳಿಬೀಳುವ ಕಡುನೇರಳೆ ಹೂಗೊಂಚಲು ನಿಜಕ್ಕೂ ಚೆಲುವಾದದ್ದು. ಆಮೇಲೆ ಬರುವ, ಬೆರಳುದ್ದದ, ತುದಿಗಳಲ್ಲಿ ಬಾಗಿದ ಕಾಯಿಯ ಮೈತುಂಬ ಹೊಂಗಂದು ಬಣ್ಣದ ಸುಣೆ, ಅಂದರೆ ಚುಚ್ಚುವ ನವಿರು ರೋಮ, ಒತ್ತಾಗಿರುತ್ತದೆ. ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವ ದಿನಗಳಲ್ಲೇ ಕಾಯಿಯೂ ಒಣಗುವುದರಿಂದ, ಬಳ್ಳಿಯನ್ನು ಮುಟ್ಟದವರಿಗೂ ಗಾಳಿಯಲ್ಲಿ ಹಾರಿಬಂದ ಸುಣೆ ತಗಲಿ ಮೈಯೆಲ್ಲ ತುರಿಸತೊಡಗುತ್ತದೆ. ಸುಣೆಯಲ್ಲಿರುವ ಮ್ಯುಕುನೇನ್ ಎಂಬ ಪ್ರೋಟೀನು ಚರ್ಮದ ನರತುದಿಗಳನ್ನು ಕೆರಳಿಸುವುದೇ ಇದಕ್ಕೆ ಮುಖ್ಯ ಕಾರಣ. ಅಲರ್ಜಿಯ ತುರಿಕೆಗಿಂತ ಇದರ ಬಗೆ ಬೇರೆಯಾದ್ದರಿಂದ ಸಾಮಾನ್ಯ ಅಲರ್ಜಿ ಮಾತ್ರೆಗೆ ಇದು ಅಷ್ಟಾಗಿ ಬಗ್ಗುವುದಿಲ್ಲ. ಉಜ್ಜಿದಷ್ಟೂ ಸುಣೆ ಒಳಕ್ಕಿಳಿಯುತ್ತದೆ. ಅಂಟುಪಟ್ಟಿಯನ್ನು ಒತ್ತಿ ಕಿತ್ತು ಮೊದಲು ಸುಣೆಯನ್ನು ತೆಗೆಯಬೇಕು, ಉಟ್ಟ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು. ಕಣ್ಣಿಗೆ ಬಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಈ ಒಂದು ಕಾಟಕ್ಕಾಗಿ ಬಳ್ಳಿಯನ್ನು ಕಂಡಲ್ಲೆಲ್ಲ ಬೇರುಸಹಿತ ಕಿತ್ತೊಗೆಯುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಇದರ ಬೇರಿನ ಗಂಟುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಒತ್ತಾದ ಹಂಬು ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ. ಬೀಜದ ಮಹತ್ವ ಇನ್ನೂ ದೊಡ್ಡದು. ಪಾರ್ಕಿನ್ಸನ್ ಕಾಯಿಲೆಗೆ ಇಂದಿಗೂ ಮುಖ್ಯ ಔಷಧವಾಗಿರುವ ಎಲ್-ಡೋಪಾ ಇದರಲ್ಲಿ ಸಹಜವಾಗಿಯೇ ಇದೆ, ಸಾಮಾನ್ಯವಾಗಿ ಶೇ. 3ರಿಂದ 6ರಷ್ಟು, 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅವರು ಅದನ್ನು ಈ ಬೀಜದಿಂದ ಬೇರ್ಪಡಿಸಿ ತೋರಿಸಿದರು. ಆಯುರ್ವೇದದಲ್ಲಿ ಬೀಜವನ್ನು ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಒಣಗಿಸಿ ಪುಡಿ ಮಾಡುತ್ತಾರೆ. ಇಷ್ಟು ಪ್ರಬಲವಾದ ವಸ್ತುವನ್ನು ಶಕ್ತಿವರ್ಧಕವೆಂದು ತಾವಾಗಿಯೇ ತಿನ್ನುವುದು ಅಪಾಯ; ವಾಂತಿ, ರಕ್ತದೊತ್ತಡದ ಕುಸಿತ, ಮನೋಭ್ರಮೆ ಉಂಟಾಗಬಹುದು.

ಬೆಳೆಯಬೇಕೆನ್ನುವವರು ತುರಿಸದ ತಳಿಯನ್ನೇ ಆರಿಸಿಕೊಳ್ಳಬೇಕು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಧನ್ವಂತರಿ, ಅರ್ಕಾ ಅಶ್ವಿನಿ ಎಂಬ ತಳಿಗಳನ್ನು ಹೊರತಂದಿದೆ. ನೀರು ನಿಲ್ಲದ ಜಾಗದಲ್ಲಿ, ಮುಂಗಾರು ಹಿಡಿದ ಮೇಲೆ, ರಾತ್ರಿ ನೆನೆಸಿದ ಬೀಜವನ್ನು ಸುಮಾರು ಒಂದು ಮೀಟರ್ ಅಂತರದಲ್ಲಿ ಊರಿ, ಹಬ್ಬಲು ಗೂಟ ಅಥವಾ ಚಪ್ಪರ ಕೊಟ್ಟರೆ ಐದಾರು ತಿಂಗಳಲ್ಲಿ ಕಾಯಿ ಕೊಯ್ಲಿಗೆ ಬರುತ್ತದೆ. ಹಸಿರೆಲೆ ಗೊಬ್ಬರಕ್ಕಾದರೆ ಹೂ ಬಿಡುವ ಹೊತ್ತಿಗೇ ಕೊಯ್ದು ಮಣ್ಣಿಗೆ ಸೇರಿಸಬೇಕು. ಎಳೆಯ ಅಡಿಕೆ ಸಸಿಗಳ ನಡುವೆ ಹಾಕಿದರೆ ಮಾತ್ರ ಆಗಾಗ ಹಂಬನ್ನು ಬಿಡಿಸುತ್ತಿರಬೇಕು, ಇಲ್ಲವಾದರೆ ಅದು ಸಸಿಯ ಸುಳಿಯನ್ನೇ ಸುತ್ತಿಕೊಳ್ಳುತ್ತದೆ.